ಹತ್ತು ಹನಿಯ ಲೆಕ್ಕ

ಬೆಂಗಳೂರಿನ ಬೇಗೂರು ಕೆರೆಯ ಹರವು ನೂರು ಎಕರೆಗೂ ಹೆಚ್ಚು. ಅಷ್ಟಗಲದ ತೆಳು ಹಾಳೆಯೊಂದನ್ನು ಕೆರೆಗೆ ಹೊದಿಸಿದೆವು ಎಂದಿಟ್ಟುಕೊಳ್ಳಿ. ಇಡೀ ದಿನ ಅದರೊಳಗಿಂದ ನುಸುಳಿ ಬಂದ ನೀರಾವಿಯನ್ನೆಲ್ಲ ಕೂಡಿಸಿದರೂ ಹತ್ತು ಹನಿ ಮೀರಬಾರದು. ಮೊಬೈಲಿನ ಓಎಲ್‌ಇಡಿ ಪರದೆ ಕೇಳುವ ಕಾವಲು ಅಷ್ಟು ಬಿಗಿಯಾದದ್ದು. ಚದರ ಮೀಟರಿಗೆ ದಿನಕ್ಕೆ ಒಂದು ಗ್ರಾಮಿನ 10 ಲಕ್ಷದಲ್ಲೊಂದು ಪಾಲು!

ಈ ಪರದೆಯಲ್ಲಿ ಬೆಳಕು ಕೊಡುವುದು ಇಂಗಾಲದ ಸಂಯುಕ್ತಗಳು. ಅವುಗಳ ಮೇಲೆ ತೆಳ್ಳನೆಯ ಲೋಹದ ಪದರವಿರುತ್ತದೆ. ಸೂಜಿಮೊನೆಗಿಂತ ಸಣ್ಣ ರಂಧ್ರದಿಂದ ತೇವ ಒಳಹೊಕ್ಕರೂ ಲೋಹ ಅಲ್ಲಿ ಆಕ್ಸೈಡ್ ಆಗುತ್ತದೆ, ಎಲೆಕ್ಟ್ರಾನುಗಳ ದಾರಿ ಮುಚ್ಚುತ್ತದೆ. ಕಪ್ಪು ಚುಕ್ಕಿ ಹುಟ್ಟಿ ದಿನೇ ದಿನೇ ಹಿಗ್ಗುತ್ತದೆ.

ದಪ್ಪ ಗಾಜು ಹೊದಿಸಿದರೆ ಈ ಕಾಟವಿಲ್ಲ, ಆದರೆ ಮಡಚುವ ಪರದೆಗೆ, ಸುರುಳಿ ಸುತ್ತುವ ಸೌರಕೋಶಕ್ಕೆ ಅದು ಒಗ್ಗದು. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ಕಿನ ಹಾಳೆಯೋ ದಿನಕ್ಕೆ ಚದರ ಮೀಟರಿಗೆ ಕೆಲವು ಗ್ರಾಂ ಆವಿಯನ್ನು ಬಿಡುತ್ತದೆ. ದಪ್ಪ ಎರಡರಷ್ಟಾದರೆ ಸೋರಿಕೆ ಅರ್ಧಕ್ಕಿಳಿಯುತ್ತದೆ, ಅಷ್ಟೇ. ಹಾಗಾಗಿ ಅದರ ಮೇಲೆ ಅಲ್ಯೂಮಿನಾದಂಥ ಆಕ್ಸೈಡನ್ನು ಲೇಪಿಸುತ್ತಾರೆ. ಲೇಪಿಸುವಾಗ ಒಂದು ಧೂಳಿನ ಕಣ ಕೂತರೂ ಅಲ್ಲೊಂದು ತೂತು ಉಳಿಯುತ್ತದೆ. ಮೇಲೆ ಮತ್ತೊಂದು ಆಕ್ಸೈಡ್ ಪದರ ಹಾಕಿದರೆ ತೂತೂ ಮುಂದುವರಿಯುತ್ತದೆ. ನಡುವೆ ಪಾಲಿಮರ್ ಪದರ ಸೇರಿಸಿದಾಗ ಮಾತ್ರ ಮೇಲಿನ ತೂತು, ಕೆಳಗಿನ ತೂತು ಒಂದೇ ಸಾಲಿಗೆ ಬರುವುದಿಲ್ಲ. ನೀರಿನ ಅಣು ಅಡ್ಡಡ್ಡ ಅಲೆದು ದಾರಿ ಹುಡುಕಬೇಕು. ಇಡೀ ತಂತ್ರದಲ್ಲಿ ನನಗೆ ಅತಿ ಜಾಣ್ಮೆಯದು ಅನ್ನಿಸುವುದು ಇದೇ: ತೂತು ಮುಚ್ಚಲಾಗದಿದ್ದರೆ ದಾರಿ ಉದ್ದ ಮಾಡು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರವೀಣ್ ರಾಮಮೂರ್ತಿ, ಗಿರಿಧರ್ ಮದ್ರಾಸ್ ಮತ್ತವರ ವಿದ್ಯಾರ್ಥಿಗಳು 2010ರ ದಶಕದಲ್ಲಿ ದಾರಿ ಉದ್ದ ಮಾಡುವ ಈ ತಂತ್ರವನ್ನೇ ಬೇರೆ ಬಗೆಯಲ್ಲಿ ಸಾಧಿಸಲು ಹೊರಟರು. ಸರ್ಲಿನ್ ಎಂಬ ಬಾಗುವ ಪಾಲಿಮರಿಗೆ ನ್ಯಾನೊ ಕಣಗಳನ್ನು ಬೆರೆಸಿದರು, ಗ್ರಾಫೀನ್ ಆಕ್ಸೈಡಿನ ಪದರಗಳನ್ನೂ ಕೂರಿಸಿ ನೋಡಿದರು. ಇನ್ನು, ಕೆರೆಯಗಲಕ್ಕೆ ಹತ್ತು ಹನಿಯಷ್ಟೇ ಆದ ಸೋರಿಕೆಯನ್ನು ಯಾವ ತಕ್ಕಡಿಯೂ ತೂಗದು. ಅಳೆಯಲು ಕ್ಯಾಲ್ಸಿಯಂ ಬಳಸುತ್ತಾರೆ. ಹಾಳೆಯ ಹಿಂದೆ ಕನ್ನಡಿಯಂತೆ ಹೊಳೆಯುವ ಕ್ಯಾಲ್ಸಿಯಂ ಲೇಪವಿರುತ್ತದೆ. ತೇವ ತಾಗಿದಷ್ಟೂ ಅದು ಹೈಡ್ರಾಕ್ಸೈಡಾಗಿ ಪಾರದರ್ಶಕವಾಗುತ್ತದೆ, ವಿದ್ಯುತ್ ಹರಿಯದಂತಾಗುತ್ತದೆ. ರೋಧ ಏರುವ ವೇಗದಿಂದ ಒಳಬಂದ ನೀರಿನ ಲೆಕ್ಕ ಸಿಗುತ್ತದೆ.

ಹಾಳೆ ಎಷ್ಟೇ ಗಟ್ಟಿಯಾದರೂ ಅಂಚಿನ ಅಂಟಿನಿಂದ ತೇವ ನುಗ್ಗಬಹುದು. ಕೆಳಗೆ ಬಿದ್ದು ಒಳಪದರದವರೆಗೂ ಬಿರುಕುಬಿಟ್ಟ ಪರದೆಗಂತೂ ಕಾವಲೇ ಇಲ್ಲ. ನಿಮ್ಮ ಫೋನಿನ ಓಎಲ್‌ಇಡಿ ಪರದೆಯಲ್ಲಿ ಬಿರುಕಿನ ಪಕ್ಕ ಕಪ್ಪು ಕಲೆ ಹರಡುತ್ತಿದ್ದರೆ ಕಾಯಬೇಡಿ. ಪರದೆ ಕಾಣುತ್ತಿರುವಾಗಲೇ ಫೋಟೊ, ನಂಬರುಗಳನ್ನು ಬೇರೆಡೆಗೆ ಉಳಿಸಿಕೊಳ್ಳಿ.