ಕಾರಿನ ಹೊಟ್ಟೆಯೊಳಗಿನ ಕಾವಲುಬಳೆ

ಎತ್ತಿನ ಗಾಡಿಯ ಅಚ್ಚಿನ ತುದಿಯಲ್ಲಿ ಒಂದು ಕಬ್ಬಿಣದ ಕೀಲು ಇರುತ್ತದೆ. ಅದನ್ನು ಕಡಾಣಿ ಎನ್ನುವರು. ಗಾಡಿಯನ್ನು ಎಳೆಯುವುದರಲ್ಲಿ ಅದಕ್ಕೆ ಪಾಲಿಲ್ಲ. ಹೊರೆಯನ್ನೂ ಅದು ಹೊರುವುದಿಲ್ಲ. ಆದರೂ ಅದು ಕಳಚಿ ಬಿದ್ದಿತೆಂದರೆ ಚಕ್ರವೊಂದು ದಿಕ್ಕು, ಗಾಡಿಯೊಂದು ದಿಕ್ಕು. ಮೋಟಾರು ಗಾಡಿಯಲ್ಲಿ ಇದಕ್ಕಿಂತಲೂ ಸೋಮಾರಿಯಾದ ಒಂದು ಭಾಗವುಂಟು. ಎಲ್ಲವೂ ಸರಿಯಾಗಿರುವವರೆಗೆ ಅದು ಯಾವುದನ್ನೂ ಮುಟ್ಟುವುದೇ ಇಲ್ಲ. ವರ್ಷಗಟ್ಟಲೆ ಸುಮ್ಮನೆ ನೇತಾಡಿಕೊಂಡಿದ್ದು, ಬೇಕಾದಾಗ ಕೇವಲ ಕೆಲವು ಸೆಕೆಂಡುಗಳ ಕಾಲ ದುಡಿಯುವ ಈ ಉಕ್ಕಿನ ಉಂಗುರಕ್ಕೆ ಕನ್ನಡದಲ್ಲಿ ರೂಢಿಯ ಹೆಸರು ನಮಗೆ ದೊರೆಯಲಿಲ್ಲ. ಕಾವಲುಬಳೆ ಎಂದು ಕರೆದರೆ ತಪ್ಪಾಗಲಾರದು.

ಇದರ ಪ್ರಸ್ತಾಪ ಬಂದುದು ತುಮಕೂರಿನ ಒಂದು ಗ್ಯಾರೇಜಿನಲ್ಲಿ. ಎಂಜಿನಿಯರಿಂಗ್ ಓದುತ್ತಿರುವ ತರುಣರಿಬ್ಬರು ಹಳೆಯ ಡಾಲ್ಫಿನ್ ಕಾರೊಂದನ್ನು ಕೊಂಡು, ಅದರ ಮೈಯನ್ನು ಕಳಚಿ, ತೆರೆದ ಸ್ಪೋರ್ಟ್ಸ್ ಕಾರಿನ ಹೊಸ ಮೈಯನ್ನು ಕೂಡಿಸುತ್ತಿದ್ದರು. ಡಾಲ್ಫಿನ್ ನಮ್ಮ ನಾಡಿನದೇ ಕಾರು. ಬ್ರಿಟನ್ನಿನ ರಿಲಯಂಟ್ ಕಿಟನ್ ಎಂಬ ಕಾರಿನ ಮಾದರಿಯಂತೆ ಬೆಂಗಳೂರಿನ ಸಿಪಾನಿ ಸಂಸ್ಥೆಯು ೧೯೮೦ರ ದಶಕದಲ್ಲಿ ಅದನ್ನು ತಯಾರಿಸಿತು. ಎಂಜಿನ್ ೮೪೮ ಘನ ಸೆಂಟಿಮೀಟರಿನದು. ಮೈ ತಗಡಿನದಲ್ಲ, ಫೈಬರ್‌ಗ್ಲಾಸಿನದು. ಎಂಜಿನ್ ಮುಂದೆ, ಓಡುವ ಶಕ್ತಿ ಹಿಂದಿನ ಚಕ್ರಗಳಿಗೆ. ಹೀಗೆ ಮನೆಯಲ್ಲಿ ಕಟ್ಟಿದ ಕಾರನ್ನು ಸಾರ್ವಜನಿಕ ರಸ್ತೆಗೆ ತರುವುದು ಸುಲಭವಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ ೧೨೬ನೆಯ ನಿಯಮದಂತೆ ವಾಹನದ ಮೂಲಮಾದರಿಯನ್ನು ಅಧಿಕೃತ ಸಂಸ್ಥೆಯೊಂದು ಪರೀಕ್ಷಿಸಿ ಒಪ್ಪಬೇಕು. ತರುಣರಿಗೂ ಇದು ತಿಳಿದಿದ್ದಿತು. ಅವರ ಕಣ್ಣು ಇದ್ದುದು ಮುಚ್ಚಿದ ಪಂದ್ಯದ ಹಾದಿಯ ಮೇಲೆ. ಆದರೆ ಬಳೆಯ ವಿಷಯದಲ್ಲಿ ಇಬ್ಬರಿಗೂ ಒಮ್ಮತವಿರಲಿಲ್ಲ. ಒಬ್ಬನು ತೆಳು ತಗಡಿನ ಪಟ್ಟಿಯೊಂದನ್ನು ಕೆಳಗೆ ಕಟ್ಟಿದರೆ ಸಾಕೆಂದನು. ಇನ್ನೊಬ್ಬನು ದಪ್ಪ ಉಕ್ಕಿನ ದೊಡ್ಡ ಬಳೆಯೇ ಬೇಕು, ಅದನ್ನು ನಡುಮಧ್ಯದಲ್ಲಿ ಹಾಕಬೇಕು ಎಂದನು. ಯಾರ ಮಾತು ಸರಿ? ಇದನ್ನು ತೀರ್ಮಾನಿಸಲು ಮೊದಲು ಕಾರಿನ ಅಡಿಯಲ್ಲಿ ನಡೆಯುವುದೇನೆಂಬುದನ್ನು ನೋಡಬೇಕು.

ಗೇರ್‌ಬಾಕ್ಸಿನಿಂದ ಹಿಂದಿನ ಅಚ್ಚಿನವರೆಗೆ ಶಕ್ತಿಯನ್ನು ಒಯ್ಯುವ ಉದ್ದನೆಯ ಉಕ್ಕಿನ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟ್. ಲಾರಿ, ಬಸ್ಸು, ಜೀಪು, ಓಮ್ನಿ ಇವುಗಳ ಅಡಿಯಲ್ಲಿ ಬಗ್ಗಿ ನೋಡಿದ ವಾಚಕರು ಇದನ್ನು ಕಂಡೇ ಇರುವರು. ೧೯೮೩ರಲ್ಲಿ ಬಂದ ಮಾರುತಿ ೮೦೦ರಂತೆ ಮುಂದಿನ ಚಕ್ರಗಳಿಂದಲೇ ಎಳೆಯುವ ಕಾರುಗಳಲ್ಲಿ ಇದು ಇರುವುದಿಲ್ಲ. ರಸ್ತೆಯ ಉಬ್ಬುತಗ್ಗಿಗೆ ಹಿಂದಿನ ಅಚ್ಚು ಏರಿಳಿಯುತ್ತದೆ, ಗೇರ್‌ಬಾಕ್ಸ್ ಇದ್ದಲ್ಲಿಯೇ ಇರುತ್ತದೆ. ಆದುದರಿಂದ ಶಾಫ್ಟಿನ ಎರಡು ತುದಿಗಳಲ್ಲಿಯೂ ಬಾಗಬಲ್ಲ ಕೀಲು ಬೇಕು. ಇಟಲಿಯ ಕಾರ್ಡಾನೋ, ಇಂಗ್ಲೆಂಡಿನ ಹುಕ್ ಇವರ ಹೆಸರನ್ನು ಹೊತ್ತಿರುವ ಈ ಕೀಲಿನ ಹೃದಯ ಒಂದು ಕೂಡುಗುರುತಿನ ಆಕಾರದ ಉಕ್ಕಿನ ತುಂಡು. ಗ್ಯಾರೇಜಿನವರು ಅದನ್ನು ‘ಕ್ರಾಸ್’ ಎನ್ನುವರು. ಅದರ ನಾಲ್ಕು ತೋಳುಗಳಿಗೂ ಒಂದೊಂದು ಟೋಪಿ. ಟೋಪಿಯೊಳಗೆ ಸೂಜಿಯಂತಹ ಸಣ್ಣ ಉರುಳೆಗಳು. ಅವುಗಳ ನಡುವೆ ಗ್ರೀಸು.

ಈ ತೋಳುಗಳ ಮೇಲೆ ಬೀಳುವ ಹೊರೆಯಾದರೂ ಎಷ್ಟು? ಎಂಜಿನ್ನಿನ ತಿರುಚುಬಲ ೧೦೦ ನ್ಯೂಟನ್-ಮೀಟರ್ ಇರಲಿ. ಮೊದಲನೆಯ ಗೇರಿನಲ್ಲಿ ಅದು ಮೂರೂವರೆಪಟ್ಟು ಹೆಚ್ಚಿ ೩೫೦ ಆಗುವುದು. ಕ್ರಾಸಿನ ತೋಳು ೩ ಸೆಂಟಿಮೀಟರ್ ಇದ್ದರೆ ಪ್ರತಿಯೊಂದು ಟೋಪಿಯ ಮೇಲೂ ಸುಮಾರು ೬೦೦ ಕಿಲೋಗ್ರಾಂ ತೂಕದಷ್ಟು ಬಲ ಬೀಳುವುದು. ಹೆಬ್ಬೆರಳ ಗಾತ್ರದ ಟೋಪಿಗೆ ಇದು ಸಣ್ಣ ಹೊರೆಯಲ್ಲ. ಗ್ರೀಸು ಒಣಗಿದರೆ ಸೂಜಿಗಳು ತೋಳನ್ನು ತಿನ್ನತೊಡಗುತ್ತವೆ; ಒಂದು ದಿನ, ಕ್ಲಚ್ಚನ್ನು ಥಟ್ಟನೆ ಬಿಟ್ಟ ಗಳಿಗೆಯಲ್ಲಿ, ತೋಳು ಮುರಿಯುತ್ತದೆ.

ಶಾಫ್ಟಿಗೆ ಇನ್ನೊಂದು ಬಗೆಯ ಶತ್ರುವುಂಟು. ಅದನ್ನು ತಿಳಿಯಲು ಕುಣಿಗಲ್ಲಿನ ಬಳಿ ಹೆದ್ದಾರಿಯ ಬದಿಯಲ್ಲಿ ನಿಲ್ಲಬೇಕು. ಟೀಪೂ ಸುಲ್ತಾನನ ಕುದುರೆಗಳ ನೆನಪನ್ನು ಉಳಿಸಿಕೊಂಡಿರುವ ಆ ಊರಿನ ಮೂಲಕ ಇಂದು ಮಂಗಳೂರಿನ ಕಡೆಗೆ ಹೋಗುವುದು ಬೇರೆ ಬಗೆಯ ಅಶ್ವಶಕ್ತಿ. ಅಲ್ಲಿ ತಂಗುವ ಉದ್ದನೆಯ ಲಾರಿಗಳ ಅಡಿಯಲ್ಲಿ ನೋಡಿದರೆ ಶಾಫ್ಟು ಒಂದೇ ತುಂಡಾಗಿರುವುದಿಲ್ಲ. ಎರಡಾಗಿಯೋ ಮೂರಾಗಿಯೋ ಕತ್ತರಿಸಿ, ನಡುವೆ ಸೆಂಟರ್ ಬೇರಿಂಗ್ ಇಟ್ಟು ಚಾಸಿಗೆ ತೂಗುಹಾಕಿರುತ್ತಾರೆ. ಏಕೆ? ತಿರುಗುವ ಪ್ರತಿಯೊಂದು ಕೊಳವೆಗೂ ಒಂದು ಸಂದಿಗ್ಧ ವೇಗವಿದೆ. ಆ ವೇಗವನ್ನು ಮುಟ್ಟಿದೊಡನೆ, ಇಬ್ಬರು ಮಕ್ಕಳು ಹಿಡಿದು ತಿರುಗಿಸುವ ಹಗ್ಗದಂತೆ, ಕೊಳವೆ ನಡುವಿನಲ್ಲಿ ಬಾಗಿ ಬೀಸತೊಡಗುತ್ತದೆ. ೭ ಸೆಂಟಿಮೀಟರ್ ಅಗಲದ, ೨ ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆ ೧.೨೫ ಮೀಟರ್ ಉದ್ದವಿದ್ದರೆ ಈ ವೇಗ ನಿಮಿಷಕ್ಕೆ ಸುಮಾರು ೭,೪೦೦ ಸುತ್ತು. ಉದ್ದವನ್ನು ಇಮ್ಮಡಿ ಮಾಡಿದರೆ ಅದು ಅರ್ಧವಾಗುವುದಿಲ್ಲ. ನಾಲ್ಕನೆಯ ಒಂದು ಪಾಲಿಗೆ, ಅಂದರೆ ಸುಮಾರು ೧,೮೫೦ಕ್ಕೆ ಇಳಿಯುತ್ತದೆ. ಲಾರಿಯ ಶಾಫ್ಟನ್ನು ತುಂಡರಿಸುವ ಗುಟ್ಟು ಇದೇ.

ಇದೇ ಗುಟ್ಟನ್ನು ಗುಬ್ಬಿಯ ಕಡೆಯೂ ಕಾಣಬಹುದು. ಗುಬ್ಬಿ ತಾಲ್ಲೂಕಿನಲ್ಲಿ ೬೧೫ ಎಕರೆಗಳ ವಿಸ್ತಾರದಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯು ೨೦೨೩ರ ಫೆಬ್ರವರಿ ೬ರಂದು ಉದ್ಘಾಟನೆಯಾಯಿತು. ಹೆಲಿಕಾಪ್ಟರಿನ ಬಾಲದ ಪಂಖವನ್ನು ತಿರುಗಿಸಲು ಬಾಲದುದ್ದಕ್ಕೂ ತೆಳ್ಳನೆಯ ಶಾಫ್ಟು ಹೋಗಬೇಕು. ಅದನ್ನೂ ತುಂಡುತುಂಡಾಗಿ ಮಾಡಿ ಹಲವು ಬೇರಿಂಗುಗಳಲ್ಲಿ ಕೂರಿಸುವರು. ಆದರೆ ಒಂದು ವ್ಯತ್ಯಾಸವಿದೆ. ಆಕಾಶದಲ್ಲಿ ಆ ಶಾಫ್ಟು ಮುರಿದರೆ ಅದನ್ನು ಬಳೆಯಲ್ಲಿ ಹಿಡಿದು ನಿಲ್ಲಿಸಿದ ಮಾತ್ರಕ್ಕೆ ಪ್ರಯೋಜನವಿಲ್ಲ; ಬಾಲದ ಪಂಖ ನಿಂತುಹೋದರೆ ಹೆಲಿಕಾಪ್ಟರೇ ಗಿರಕಿ ಹೊಡೆಯುವುದು. ಅಲ್ಲಿ ಮುರಿಯದಂತೆ ನೋಡಿಕೊಳ್ಳುವುದೊಂದೇ ದಾರಿ. ರಸ್ತೆಯ ಮೇಲಿರುವವನು ಇಷ್ಟರಮಟ್ಟಿಗೆ ಪುಣ್ಯವಂತ: ಶಾಫ್ಟು ಮುರಿದ ಮೇಲೂ ಬ್ರೇಕು ಒತ್ತಿ ನಿಲ್ಲಲು ಅವನಿಗೆ ಅವಕಾಶವಿದೆ, ಆ ಕೆಲವು ಸೆಕೆಂಡುಗಳನ್ನು ಯಾರಾದರೂ ಕಾದುಕೊಟ್ಟರೆ.

ಹಿಂದಿನ ಕೀಲು ಮುರಿದರೆ ಶಾಫ್ಟಿನ ಹಿಂತುದಿ ನೆಲಕ್ಕೆ ಬಿದ್ದು ಎಳೆದುಕೊಂಡು ಬರುತ್ತದೆ. ಗದ್ದಲವೂ ಹಾನಿಯೂ ಆಗುವುದು ನಿಜ. ಆದರೆ ಮುಂದಿನ ಕೀಲು ಮುರಿದಾಗಿನ ಸಂಗತಿ ಬೇರೆ. ಮುಂತುದಿ ಕೆಳಗೆ ಬಿದ್ದು ರಸ್ತೆಯ ಗುಂಡಿಗೋ ಕಲ್ಲಿಗೋ ನಾಟಿತೆಂದರೆ, ಕೋಲನ್ನೂರಿ ನೆಗೆಯುವ ಕ್ರೀಡಾಪಟುವಿನಂತೆ ಕಾರಿನ ಹಿಂಭಾಗ ಮೇಲೇಳುವುದು. ಹಾಗೆ ನಾಟದಿದ್ದರೂ ಸುಖವಿಲ್ಲ. ಕಾರು ಓಡುತ್ತಿರುವಷ್ಟು ಕಾಲ ಹಿಂದಿನ ಚಕ್ರಗಳೇ ಆ ಶಾಫ್ಟನ್ನು ತಿರುಗಿಸುತ್ತಿರುತ್ತವೆ. ಗಂಟೆಗೆ ೧೦೦ ಕಿಲೋಮೀಟರ್ ವೇಗದಲ್ಲಿ, ಚಕ್ರದ ತ್ರಿಜ್ಯ ೩೦ ಸೆಂಟಿಮೀಟರ್, ಹಿಂದಿನ ಅಚ್ಚಿನ ಅನುಪಾತ ನಾಲ್ಕಕ್ಕೆ ಒಂದು ಎಂದಿಟ್ಟುಕೊಂಡರೆ, ಶಾಫ್ಟು ನಿಮಿಷಕ್ಕೆ ಸುಮಾರು ೩,೫೦೦ ಸುತ್ತು ತಿರುಗುತ್ತಿರುತ್ತದೆ. ಆರು ಕಿಲೋಗ್ರಾಂ ತೂಗುವ ಅದು ಒಂದು ತುದಿಯಲ್ಲಿ ೧೫ ಸೆಂಟಿಮೀಟರ್ ಹೊರಕ್ಕೆ ಸರಿದು ಅದೇ ವೇಗದಲ್ಲಿ ಬೀಸಿದರೆ, ಅದರ ಕೇಂದ್ರತ್ಯಾಗಿ ಬಲ ಆರು ಟನ್ನಿನ ತೂಕಕ್ಕೆ ಸಮನಾಗುವುದು! ಡಾಲ್ಫಿನ್ನಿನಂತಹ ಕಾರಿನಲ್ಲಿ ಈ ಶಾಫ್ಟು ಹಾಯುವುದು ಕುಳಿತವರಿಬ್ಬರ ಸೊಂಟಗಳ ನಡುವೆ. ಅದಕ್ಕೂ ಇವರಿಗೂ ಮಧ್ಯೆ ಇರುವುದು ಕೆಲವೇ ಮಿಲಿಮೀಟರ್ ದಪ್ಪದ ಫೈಬರ್‌ಗ್ಲಾಸು. ಉಕ್ಕಿನ ಕೊಳವೆಯ ಬಡಿತಕ್ಕೆ ಅದು ಹಪ್ಪಳದ ಹಾಗೆ.

“ತಗಡು ಕಟ್ಟಿದರೆ ಸಾಲದಪ್ಪ, ಅದು ಬಡಿಯುವ ಸದ್ದು ಕೇಳಿದವನಿಗೆ ಗೊತ್ತು” ಎಂದು ಗ್ಯಾರೇಜಿನ ಮೇಸ್ತ್ರಿ ಮೊದಲನೆಯ ತರುಣನ ಬಾಯಿ ಮುಚ್ಚಿಸಿದರು. ಅವರ ಮಾತು ಸರಿಯೇ. ಕೆಳಗಿನ ಪಟ್ಟಿ ಶಾಫ್ಟು ರಸ್ತೆಗೆ ಬೀಳುವುದನ್ನು ತಡೆದೀತು, ಮೇಲಕ್ಕೆ ಹಾರುವುದನ್ನು ತಡೆಯಲಾರದು. ಬಳೆ ಎಂದಮೇಲೆ ಸುತ್ತಲೂ ಇರಬೇಕು. ತೆಳುವಾದ ತಗಡಿನ ಅಂಚು ತಿರುಗುವ ಕೊಳವೆಯನ್ನು ಕತ್ತರಿಸಿಯೂ ಬಿಡಬಹುದು. ಅಮೆರಿಕದಲ್ಲಿ ಡ್ರ್ಯಾಗ್ ಪಂದ್ಯಗಳನ್ನು ನಡೆಸುವ ಎನ್.ಎಚ್.ಆರ್.ಎ. ಸಂಸ್ಥೆಯ ನಿಯಮ ಇಲ್ಲಿ ಒಳ್ಳೆಯ ಮಾರ್ಗದರ್ಶಿ. ಕಾಲಂಗುಲ ದಪ್ಪ, ಎರಡಂಗುಲ ಅಗಲದ ಉಕ್ಕಿನ ಪಟ್ಟಿ, ಇಲ್ಲವೆ ಮುಕ್ಕಾಲಿಗಿಂತ ಅರೆಪಾವು ಹೆಚ್ಚಾದ, ಅಂದರೆ ೨೨ ಮಿಲಿಮೀಟರ್ ಹೊರವ್ಯಾಸದ ಉಕ್ಕಿನ ನಳಿಗೆ. ಸ್ಥಾನವು ಮುಂದಿನ ಕೀಲಿನಿಂದ ಆರಂಗುಲದೊಳಗೆ.

ದಪ್ಪದ ಮಾತು ಯಾರಿಗೂ ಹೊಳೆಯುವಂತಹದು. ಆದರೆ ಆರಂಗುಲದೊಳಗೆ ಎಂಬ ಕಟ್ಟಳೆ ಏಕೆ? ಎರಡನೆಯ ತರುಣನು ಎಡವಿದ್ದು ಇಲ್ಲಿಯೇ. ನಾವು ಕಾಗದ ಪೆನ್ಸಿಲು ಹಿಡಿದು ಅಲ್ಲಿಯೇ ಲೆಕ್ಕ ಹಾಕಿದೆವು. ಹಿಂದಿನ ಅಚ್ಚು ೭ ಸೆಂಟಿಮೀಟರ್ ಮೇಲಕ್ಕೂ ೭ ಕೆಳಕ್ಕೂ ಆಡುವುದೆಂದು ಇಟ್ಟುಕೊಳ್ಳೋಣ. ೧೨೫ ಸೆಂಟಿಮೀಟರ್ ಉದ್ದದ ಶಾಫ್ಟಿನ ನಡುವಿನಲ್ಲಿ ಈ ಆಟ ಮೂರೂವರೆ ಸೆಂಟಿಮೀಟರ್. ಮುಂದಿನ ಕೀಲಿನಿಂದ ೧೫ ಸೆಂಟಿಮೀಟರ್ ದೂರದಲ್ಲಿ ಒಂದು ಸೆಂಟಿಮೀಟರಿಗೂ ಕಡಿಮೆ. ಎಂಜಿನ್ನಿನ ಅಲುಗಾಟಕ್ಕೆ ಇನ್ನೂ ಏಳು ಮಿಲಿಮೀಟರ್ ಬಿಟ್ಟರೂ, ಮುಂದಿನ ಬಳೆಗೆ ಸುತ್ತಲೂ ಒಂದೂವರೆ ಸೆಂಟಿಮೀಟರ್ ತೆರಪು ಸಾಕು. ನಡುವಿನ ಬಳೆಗೆ ನಾಲ್ಕಕ್ಕಿಂತ ಹೆಚ್ಚು ಬೇಕು. ತೆರಪು ಹೆಚ್ಚಾದಷ್ಟೂ ಮುರಿದ ಶಾಫ್ಟು ದೂರ ಬೀಸುತ್ತದೆ. ಬೀಸು ಹೆಚ್ಚಾದಷ್ಟೂ ಬಲವೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಮುಂದಿನ ಬಳೆಯಲ್ಲಿ ಸಿಕ್ಕಿಬಿದ್ದ ಶಾಫ್ಟಿನ ಕೇಂದ್ರತ್ಯಾಗಿ ಬಲ ಸುಮಾರು ೭೦೦ ಕಿಲೋಗ್ರಾಂ ತೂಕದಷ್ಟು; ನಡುವಿನ ಬಳೆಯಾದರೆ ೩,೪೫೦. ಬಳೆ ಅದೇ, ಉಕ್ಕು ಅದೇ. ಸ್ಥಳ ಬದಲಾದ ಮಾತ್ರಕ್ಕೆ ಐದುಪಟ್ಟು ಹೊರೆ! ಜೊತೆಗೆ ನಡುವಿನಲ್ಲಿ ಹಿಡಿದ ಶಾಫ್ಟಿನ ಮುಂತುದಿ ಅಷ್ಟುದ್ದವೂ ಸ್ವತಂತ್ರವಾಗಿ ಉಳಿದು, ತಗ್ಗಾದ ಸ್ಪೋರ್ಟ್ಸ್ ಕಾರಿನಲ್ಲಿ ನೆಲವನ್ನು ಮುಟ್ಟಿದರೂ ಮುಟ್ಟಬಹುದು. ಡೊಡ್ಡ ಬಳೆ ಹೆಚ್ಚು ಕ್ಷೇಮ ಎಂಬ ಭಾವನೆ ಸಹಜವಾದರೂ ತಪ್ಪು.

ಬಳೆಯನ್ನು ಯಾವುದಕ್ಕೆ ಬಿಗಿಯಬೇಕೆಂಬುದು ಉಳಿಯಿತು. ಫೈಬರ್‌ಗ್ಲಾಸಿನ ನೆಲಕ್ಕೆ ಬಿಗಿದರೆ ನೆಲವೇ ಕಿತ್ತುಬರುತ್ತದೆ. ಚಾಸಿಯ ಉಕ್ಕಿನ ಅಡ್ಡಪಟ್ಟಿಗೇ ಬಿಗಿಯಬೇಕು. ಬೋಲ್ಟಿನ ತಲೆಯ ಮೇಲೆ ೮.೮ ಎಂದು ಕೆತ್ತಿರುವುದನ್ನು ವಿದ್ಯಾರ್ಥಿಗಳು ಗಮನಿಸಿರಬಹುದು. ಮೊದಲ ಎಂಟು ಎಂದರೆ ಚದರ ಮಿಲಿಮೀಟರಿಗೆ ೮೦೦ ನ್ಯೂಟನ್ ಎಳೆತಕ್ಕೆ ಅದು ಹರಿಯುವುದೆಂದು. ಎರಡನೆಯ ಎಂಟು ಎಂದರೆ ಅದರ ಶೇಕಡಾ ೮೦ರಷ್ಟಕ್ಕೆ ಶಾಶ್ವತವಾಗಿ ಹಿಗ್ಗತೊಡಗುವುದೆಂದು. ೧೦ ಮಿಲಿಮೀಟರಿನ ಇಂತಹ ಒಂದು ಬೋಲ್ಟು ಮೂರು ಟನ್ನಿಗೂ ಮೀರಿದ ಎಳೆತವನ್ನು ಹಿಗ್ಗದೆ ತಾಳುತ್ತದೆ. ನಾಲ್ಕು ಬೋಲ್ಟುಗಳಾದರೆ ಬಡಿತದ ಆಘಾತಕ್ಕೂ ಮಿಗಿಲು ಉಳಿಯುವುದು. ಬಳೆಯನ್ನು ಎರಡು ಅರ್ಧಗಳಾಗಿ ಮಾಡುವುದು ಮೇಲು. ಒಂದೇ ತುಂಡಾಗಿ ಬೆಸೆದರೆ ಕ್ರಾಸ್ ಬದಲಿಸುವ ದಿನ ಬಳೆಯನ್ನು ಶಪಿಸಬೇಕಾಗುವುದು. ಶಪಿಸಿಕೊಂಡ ಬಳೆ ಮತ್ತೆ ಕಾರಿಗೆ ಏರುವುದು ಅಪರೂಪ.

ಬಳೆ ಹಾಕಿದೆವೆಂದು ಕ್ರಾಸನ್ನು ಮರೆಯುವಂತಿಲ್ಲ. ಮುರಿಯುವ ಮೊದಲು ಅದು ಮಾತನಾಡುತ್ತದೆ. ಕ್ಲಚ್ಚು ಬಿಟ್ಟಾಗ ಅಡಿಯಿಂದ ‘ಟಕ್’ ಎಂಬ ಸದ್ದು. ಟೋಪಿಗಳ ಅಂಚಿನಲ್ಲಿ ಕುಂಕುಮದ ಹಾಗೆ ನಯವಾದ ತುಕ್ಕಿನ ಪುಡಿ. ಒಂದೇ ಒಂದು ವೇಗದಲ್ಲಿ ಮಾತ್ರ ಕಾಣುವ ನಡುಕ. ಇವುಗಳಲ್ಲಿ ಕೆಂಪು ಪುಡಿಯನ್ನು ಅತ್ಯಂತ ಗಂಭೀರವೆಂದು ನಾವು ಎಣಿಸುತ್ತೇವೆ. ಗ್ರೀಸು ಒಣಗಿ ಉಕ್ಕು ಉಕ್ಕನ್ನು ತಿನ್ನುತ್ತಿದೆಯೆಂಬುದಕ್ಕೆ ಅದು ಸಾಕ್ಷಿ.

ತರುಣರು ಕೊನೆಗೆ ೬ ಮಿಲಿಮೀಟರ್ ದಪ್ಪ, ೫೦ ಮಿಲಿಮೀಟರ್ ಅಗಲದ ಪಟ್ಟಿಯಿಂದ, ಹತ್ತು ಸೆಂಟಿಮೀಟರ್ ಒಳವ್ಯಾಸದ ಬಳೆಯನ್ನು ಎರಡು ಅರ್ಧಗಳಾಗಿ ಬಾಗಿಸಲು ಕೊಟ್ಟರು. ಮೇಸ್ತ್ರಿ ಒಂದು ಸಲಹೆಯನ್ನು ಸೇರಿಸಿದರು: ಬಳೆಯ ಒಳಮೈಗೆ ಬಿಳಿಯ ಬಣ್ಣ ಬಳಿಯಬೇಕು. ಓಡಿಸಿ ಬಂದ ಮೇಲೆ ಟಾರ್ಚು ಹಿಡಿದು ನೋಡಿದರೆ, ಶಾಫ್ಟು ಎಲ್ಲಿಯಾದರೂ ಸೋಕಿದ್ದಲ್ಲಿ ಬಿಳುಪಿನ ಮೇಲೆ ಕಪ್ಪು ಗೆರೆ ಕಾಣುವುದು. ಗೆರೆ ಮೇಲಿದ್ದರೆ ಸ್ಪ್ರಿಂಗು ತಗ್ಗಿದೆ; ಬದಿಯಲ್ಲಿದ್ದರೆ ಎಂಜಿನ್ನಿನ ರಬ್ಬರು ಸಡಿಲಾಗಿದೆ; ಸುತ್ತಲೂ ಇದ್ದರೆ ಆ ದಿನ ಕಾರನ್ನು ಮತ್ತೆ ಹೊರಗೆ ತೆಗೆಯುವಂತಿಲ್ಲ.