ಹುಡುಕಿದ್ದು ಕಿವಿಯಲ್ಲಿ, ಕಂಡದ್ದು ಮಿದುಳಿನಲ್ಲಿ

ಮಕ್ತಲದ ಹಿರಿಯರೊಬ್ಬರಿಗೆ ಬಲಗಿವಿ ಮಾತ್ರ ಮಂದವಾಯಿತೆನ್ನಿ. ಅವರು ಫೋನನ್ನು ಸದಾ ಎಡಗಿವಿಗೇ ಹಿಡಿಯತೊಡಗಿದಾಗ ಮನೆಯವರಿಗೆ ಅನುಮಾನ ಬರುತ್ತದೆ. ಮಕ್ತಲ, ನಾರಾಯಣಪೇಟೆಯವರಿಗೆ ರಾಯಚೂರು ಹತ್ತಿರ, ಹೈದರಾಬಾದು ದೂರ. ಗದ್ವಾಲದವರಿಗೆ ಕರ್ನೂಲೂ ಉಂಟು. ಎಲ್ಲಿಗೆ ಹೋದರೂ ಮೊದಲು ಆಗಬೇಕಾದದ್ದು ಸ್ಕ್ಯಾನ್ ಅಲ್ಲ. ಕಿವಿಯಲ್ಲಿ ಗುಗ್ಗೆ ತುಂಬಿದೆಯೇ, ತಮಟೆ ತೂತಾಗಿದೆಯೇ, ಸೋರುತ್ತಿದೆಯೇ ಎಂದು ನೋಡಬೇಕು, ಆಮೇಲೆ ಕೇಳುವ ಶಕ್ತಿ ಅಳೆಯುವ ಆಡಿಯೋಗ್ರಾಂ ತೆಗೆಸಬೇಕು.

ವಯಸ್ಸಿನಿಂದಲೋ ವರ್ಷಗಟ್ಟಲೆ ಯಂತ್ರದ ಸದ್ದಿನಿಂದಲೋ ಬಂದ ಕಿವುಡು ಸಾಮಾನ್ಯವಾಗಿ ಎರಡೂ ಕಿವಿಗೆ ಸಮನಾಗಿ ಬರುತ್ತದೆ. ಅದಕ್ಕೆ ಸ್ಕ್ಯಾನ್ ಬೇಕಾಗುವುದು ಅಪರೂಪ. ಒಂದೇ ಕಡೆ ಒಳಗಿವಿಯ ಅಥವಾ ನರದ ದೋಷ ಕಂಡಾಗ ಎಂಆರ್‌ಐ ಬರೆಯುತ್ತಾರೆ. ಆಗ ಹುಡುಕುವುದು ಮುಖ್ಯವಾಗಿ ವೆಸ್ಟಿಬ್ಯುಲರ್ ಶ್ವಾನೋಮಾ ಎಂಬ ಗಂಟನ್ನು. ಅದು ಕ್ಯಾನ್ಸರ್ ಅಲ್ಲ, ಸಮತೋಲದ ನರದ ಮೇಲೆ ನಿಧಾನವಾಗಿ ಬೆಳೆಯುತ್ತದೆ. ಹೀಗೆ ಸ್ಕ್ಯಾನಾದ ನೂರು ಮಂದಿಯಲ್ಲಿ ಅದು ಸಿಗುವುದು ಕೆಲವರಲ್ಲಷ್ಟೇ.

ಆದರೆ ಮಿದುಳೂ ಚಿತ್ರದೊಳಗೆ ಬರುತ್ತದೆ. ರೋಗದ ಸುಳಿವೇ ಇಲ್ಲದ 2000 ಜನರ ಮಿದುಳನ್ನು ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಸ್ಕ್ಯಾನ್ ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 63. ಶೇ. 7.2 ಮಂದಿಯಲ್ಲಿ ಸದ್ದಿಲ್ಲದೆ ಆಗಿಹೋದ ಪಾರ್ಶ್ವವಾಯುವಿನ ಗುರುತು, ಶೇ. 1.8 ಮಂದಿಯಲ್ಲಿ ರಕ್ತನಾಳದ ಉಬ್ಬು, ಶೇ. 1.6 ಮಂದಿಯಲ್ಲಿ ಕ್ಯಾನ್ಸರ್ ಅಲ್ಲದ ಗಡ್ಡೆ ಕಂಡವು. ಇವುಗಳ ಜೊತೆಗೆ ಸೈನಸ್‌ನ ಊತ, ನೀರುಗುಳ್ಳೆ, ವಯಸ್ಸಾದವರ ಮಿದುಳಿನ ಬಿಳಿ ಚುಕ್ಕೆಗಳನ್ನು ಎಣಿಸಹೊರಟರೆ ಏನೂ ಇಲ್ಲದ ಫಿಲ್ಮ್ ಹುಡುಕುವುದೇ ಕಷ್ಟ. ಕಿವಿಯ ನರದ ಪಕ್ಕ ರಕ್ತನಾಳ ಬಳುಕಿರುವುದನ್ನೂ ವರದಿಯಲ್ಲಿ ಬರೆಯುತ್ತಾರೆ. ಚೆನ್ನಾಗಿ ಕೇಳುವವರಲ್ಲೂ ಅದು ಹಾಗೇ ಇರುತ್ತದೆ.

ಖರ್ಚು ಶುರುವಾಗುವುದು ಇಲ್ಲಿಂದ. ಬಣ್ಣದ ಚುಚ್ಚುಮದ್ದು ಕೊಟ್ಟು ಇನ್ನೊಂದು ಸ್ಕ್ಯಾನ್, ರಕ್ತನಾಳಕ್ಕೆ ಮತ್ತೊಂದು, ನರರೋಗ ವೈದ್ಯರ ಫೀಸು, ಜೊತೆಗೆ ಬಂದವರ ಕೂಲಿ, ಬಸ್ಸಿನ ಹಣ. ತೆಲಂಗಾಣದ ಆರೋಗ್ಯಶ್ರೀ ಮಿತಿ 2023ರ ಡಿಸೆಂಬರಿನಲ್ಲಿ 10 ಲಕ್ಷಕ್ಕೇರಿತು ನಿಜ. ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗೆ. ಹೊರರೋಗಿಯಾಗಿ ಮಾಡಿಸಿದ ಪರೀಕ್ಷೆಗೆ ಸಾಮಾನ್ಯವಾಗಿ ಕೈಯಿಂದಲೇ ಕೊಡಬೇಕು. ಗಡಿ ದಾಟಿ ರಾಯಚೂರಿಗೆ ಹೋಗುವವರು ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳುವುದು ವಾಸಿ.

ಕಂಡದ್ದೆಲ್ಲ ಸುಳ್ಳು ಭಯವೆಂದು ಹೇಳಲಾಗದು. ರಕ್ತನಾಳದ ಉಬ್ಬನ್ನು ತಜ್ಞರು ನೋಡಲೇಬೇಕು. ಹಳೆಯ ಪಾರ್ಶ್ವವಾಯುವಿನ ಗುರುತಿಗಾದರೋ ಮೊದಲು ಬೇಕಾದದ್ದು ಬಿಪಿ, ಸಕ್ಕರೆಯ ತಪಾಸಣೆ; ಅದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ. ಶ್ವಾನೋಮಾವೇ ಸಿಕ್ಕರೂ, ಗಂಟು ಚಿಕ್ಕದಿದ್ದರೆ ಎಷ್ಟೋ ಸಲ ಆಪರೇಷನ್ ಇಲ್ಲದೆ, ಆಗಾಗ ಸ್ಕ್ಯಾನ್ ಮಾಡುತ್ತ ಕಾಯುತ್ತಾರೆ. ಹಾಗಾಗಿ ಮೊದಲ ಫಿಲ್ಮ್, ಸಿಡಿ ಎಸೆಯಬೇಡಿ. ಬೆಳೆದಿದೆಯೇ ಎಂದು ತಿಳಿಯಲು ಹಳೆಯದೇ ಬೇಕು. ವರದಿ ಕೈಗೆ ಬಂದಾಗ ವೈದ್ಯರನ್ನು ಕೇಳಿ: ನನ್ನ ಕಿವಿ ಮಂದವಾದದ್ದು ಇದರಿಂದಲೇ? ಈಗಲೇ ಏನಾದರೂ ಮಾಡದಿದ್ದರೆ ಏನಾಗುತ್ತದೆ? ಕೇಳಿಸದ ಕಿವಿಗೆ ಶ್ರವಣಯಂತ್ರ ಬೇಕಿದ್ದು, ಅದರ ದುಡ್ಡೆಲ್ಲ ಎರಡನೆಯ ಸ್ಕ್ಯಾನಿಗೆ ಹೋಗಿಬಿಟ್ಟರೆ ಅದು ನಷ್ಟವೇ. ಕಡಿಮೆ ಆದಾಯದ ಅರ್ಹರಿಗೆ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಯಂತ್ರ ಉಚಿತವಾಗಿ ಸಿಗಬಹುದು, ವಿಚಾರಿಸಿ.

ಒಂದು ಕಿವಿ ಹಠಾತ್ತಾಗಿ, ಒಂದೆರಡು ದಿನದಲ್ಲೇ ಕೇಳಿಸದಾದರೆ ಮಾತ್ರ ತಡಮಾಡಬೇಡಿ. ಅದಕ್ಕೆ ಕೊಡುವ ಸ್ಟಿರಾಯ್ಡ್ ಮೊದಲ ಎರಡು ವಾರದೊಳಗೆ ಶುರುವಾದರೇ ಹೆಚ್ಚು ಪ್ರಯೋಜನ.