ಮಾಳಿಗೆಯ ಡಿಶ್, ಸೈನಿಕರ ಡಿಶ್

"ಬಂತೇನೋ ತಮ್ಮಾ?"

"ಇಲ್ರಿ ಕಾಕಾ, ಇನ್ನೂ ಸ್ವಲ್ಪ ಬಲಕ್ಕ ತಿರಗಸ್ರಿ."

ಅಥಣಿ ಕಡೆಯ ತೆಲಸಂಗದ ಮಾಳಿಗೆ ಮೇಲೆ ಟಿವಿ ಡಿಶ್ ಕೂರಿಸುವಾಗ ಕೇಳುವ ಮಾತಿದು. ಬೀಡುಬಿಟ್ಟ ಸೈನಿಕರು ಪೆಟ್ಟಿಗೆ ಬಿಚ್ಚಿ, ಮುಕ್ಕಾಲಿ ನಿಲ್ಲಿಸಿ, ಡಿಶ್ ಜೋಡಿಸುವಾಗಲೂ ಹೆಚ್ಚುಕಡಿಮೆ ಇದೇ ಮಾತು ನಡೆಯುತ್ತದೆ.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಅಥಣಿ, ಚಿಕ್ಕೋಡಿ, ರಾಯಬಾಗ ಕಡೆಯ ಹೊಳೆದಂಡೆಯ ಊರುಗಳು ಮುಳುಗಿದಾಗ ರಕ್ಷಣೆಗೆ ಸೇನೆಯೂ ಇಳಿದಿತ್ತು. ಅಂಥ ಹೊತ್ತಿನಲ್ಲಿ ಮೊಬೈಲನ್ನು ನೆಚ್ಚುವಂತಿಲ್ಲ. ಕರೆಂಟು ಹೋಗಿ ಟವರಿನ ಬ್ಯಾಟರಿ ಇಳಿದರೆ, ಕೇಬಲ್ ಕೊಚ್ಚಿಹೋದರೆ ಮುಗಿಯಿತು. ಉಪಗ್ರಹ ಸಂಪರ್ಕಕ್ಕಾದರೆ ಒಂದು ಜನರೇಟರ್, ಒಂದಿಷ್ಟು ತೆರೆದ ಆಕಾಶ ಸಾಕು.

ಆಕಾಶ ಅಂದರೆ ದಕ್ಷಿಣದ ಆಕಾಶ. ಈ ಉಪಗ್ರಹಗಳು ಸಮಭಾಜಕದ ನೆತ್ತಿಯಲ್ಲಿ 35,786 ಕಿ.ಮೀ. ಎತ್ತರದಲ್ಲಿ ಭೂಮಿಯ ಜೊತೆಗೇ ಸುತ್ತುವುದರಿಂದ ನಿಂತಲ್ಲೇ ನಿಂತಂತೆ ಕಾಣುತ್ತವೆ. ಉದಾಹರಣೆಗೆ, ನೌಕಾಪಡೆಗೆಂದು 2013ರ ಆಗಸ್ಟ್ 30ರಂದು ಹಾರಿಸಿದ ಜಿಸ್ಯಾಟ್-7ಕ್ಕೆ ಕೊಟ್ಟ ಜಾಗ 74 ಡಿಗ್ರಿ ಪೂರ್ವ ರೇಖಾಂಶ. ಲೆಕ್ಕ ಹಾಕಿದರೆ, ತೆಲಸಂಗದಿಂದ ಆ ಜಾಗ ಬಹುತೇಕ ನೇರ ದಕ್ಷಿಣಕ್ಕೆ, ದಿಗಂತದಿಂದ ಸುಮಾರು 70 ಡಿಗ್ರಿ ಮೇಲಿದೆ. ಬೇವಿನ ಮರ, ನೀರಿನ ಟಾಕಿ ಅಡ್ಡ ಬರುವುದು ಕಡಿಮೆ. ಲೇಹ್‌ಗೆ ಹೋದರೆ ಅದು 50 ಡಿಗ್ರಿಗೆ ಇಳಿಯುತ್ತದೆ. ಕಣಿವೆಯ ದಕ್ಷಿಣಕ್ಕೊಂದು ಗುಡ್ಡ ಒತ್ತಿಕೊಂಡು ನಿಂತಿದ್ದರೆ ಡಿಶ್ಶಿಗೆ ಬೇರೆ ಜಾಗವನ್ನೇ ಹುಡುಕಬೇಕು.

ನಮ್ಮ ಮಾಳಿಗೆಯ ಡಿಶ್ ಅಷ್ಟು ಮೇಲಕ್ಕೆ ನೋಡುವಂತೆ ಕಾಣುವುದಿಲ್ಲವಲ್ಲ ಎನ್ನಬಹುದು. ಅದರ ಬಾಗೇ ಓರೆ. ಕಣ್ಣಿಗೆ ಕಾಣುವುದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಕ್ಕೆ ಅದರ ನೋಟ.

ಮಳೆ ಮಾತ್ರ ಮಾಳಿಗೆಯ ಡಿಶ್ಶಿಗೂ ಸೈನಿಕರ ಡಿಶ್ಶಿಗೂ ಒಂದೇ. ಜೋರು ಮಳೆಗೆ ಟಿವಿ ಚಿತ್ರ ಚೂರಾಗುವ ಹಾಗೆ ಗಿಡ್ಡ ಅಲೆಗಳ ಕೆಯು ಬ್ಯಾಂಡಿನ ಸೇನಾ ಸಂಪರ್ಕವೂ ಸೊರಗುತ್ತದೆ. ಎಸ್ ಬ್ಯಾಂಡಿನ ಉದ್ದ ಅಲೆಗಳಿಗೆ ಮಳೆಯ ಕಾಟ ಅಷ್ಟಿಲ್ಲ. 2015ರ ಆಗಸ್ಟ್ 27ರಂದು ಹಾರಿದ ಜಿಸ್ಯಾಟ್-6, ಬಾಹ್ಯಾಕಾಶದಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳುವ 6 ಮೀಟರ್ ಅಗಲದ ಆಂಟೆನಾ ಹೊತ್ತೊಯ್ದದ್ದು ಈ ಬ್ಯಾಂಡಿಗಾಗಿಯೇ. ಮೇಲಿನ ಕಿವಿ ದೊಡ್ಡದಿದ್ದರೆ ಕೆಳಗೆ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಸಾಧನವೂ ಸಾಕು.

ಆದರೆ ಟಿವಿ ಡಿಶ್ ಬರೀ ಕೇಳುತ್ತದೆ, ಸೇನೆಯದು ಮಾತೂ ಆಡುತ್ತದೆ. ಫಜೀತಿ ಶುರುವಾಗುವುದು ಅಲ್ಲೇ. ಕೆಯು ಬ್ಯಾಂಡಿನಲ್ಲಿ 1.2 ಮೀಟರ್ ಡಿಶ್ಶಿನ ಕಿರಣದ ಅಗಲ ಒಂದೂವರೆ ಡಿಗ್ರಿಯ ಆಸುಪಾಸು. ಆಕಾಶದಲ್ಲಿ ಎರಡು ಮೂರು ಡಿಗ್ರಿ ಆಚೆಗೇ ಇನ್ನೊಬ್ಬರ ಉಪಗ್ರಹ ಇರಬಹುದು. ಓರೆಯಾಗಿ ಮಾತಾಡಿದರೆ ನೆರೆಮನೆಯವರ ಕಿವಿಗೆ ಗದ್ದಲ. ಆದ್ದರಿಂದ ಮೊದಲು ಸಂದೇಶವಿಲ್ಲದ ಬರೀ ಅಲೆಯೊಂದನ್ನು ಮೆಲ್ಲಗೆ ಕಳಿಸುತ್ತಾರೆ. ದೂರದ ಕೇಂದ್ರದಲ್ಲಿ ಕೂತವನು ಪರದೆ ನೋಡುತ್ತ, ಡಿಶ್ಶನ್ನು ಇಷ್ಟು ತಿರುಗಿಸು, ಅದರ ಮುಂದಿನ ಕೊಳವೆಯನ್ನು ಇನ್ನೂ ಇಷ್ಟು, ಎನ್ನುತ್ತಾನೆ. ಅವನು ಹೂಂ ಎಂದ ಮೇಲೆಯೇ ಬೋಲ್ಟು ಬಿಗಿಯುವುದು. ಬಿಗಿಯುವಾಗ ಡಿಶ್ ಕೂದಲೆಳೆಯಷ್ಟು ಜರುಗಿತೋ, ಎಲ್ಲ ಮೊದಲಿನಿಂದ.